ಕಾನು ಕಲಿಸಿದ ಮಳೆ ಪಾಠ

1888ರಲ್ಲಿ ಕುಮಟಾ ತಾಲೂಕಿನ ಹದಿನಾರು ಹಳ್ಳಿಗಳ ಅರಣ್ಯ ವ್ಯವಸ್ಥೆಗಾಗಿ ಬರೆದ ಸರ್ಕಾರಿ ಪ್ರಸ್ತಾವದಲ್ಲಿ ವಿಂಗೇಟ್ ಎಂಬ ಬ್ರಿಟಿಷ್ ಅಧಿಕಾರಿ ನಮ್ಮ ಕಡೆಯ ಕಾನುಗಳ ಬಗ್ಗೆ ಒಂದು ಮಾತು ಬರೆದಿಟ್ಟಿದ್ದಾನೆ. ಈ ಕಾನುಗಳು ಆದಾಯಕ್ಕೆ ಎಷ್ಟು ಮುಖ್ಯವೋ ಹವೆಗೂ ಅಷ್ಟೇ ಮುಖ್ಯ. ಇವುಗಳಿಂದ ಒರತೆಗಳೂ ವರ್ಷವಿಡೀ ಹರಿಯುವ ಹಳ್ಳಗಳೂ ಉಳಿದಿವೆ. ಎಲ್ಲಿ ಕಾನು ಕಾಣುತ್ತದೋ ಅಲ್ಲಿ ಹತ್ತಿರದಲ್ಲೇ ಸಂಬಾರದ ತೋಟವೂ ಇರುತ್ತದೆ, ಆ ತೋಟಕ್ಕೆ ನೆರಳು ಮತ್ತು ತೇವ ಬರುವುದು ಈ ಕಾನಿನಿಂದಲೇ. ಇದು ಅವನ ಮಾತಿನ ಸಾರ. ಕಾಡಿಗೂ ಹವೆಗೂ ಇರುವ ಸಂಬಂಧವನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಹೇಳುವುದು ಕಷ್ಟ. ಆದರೆ ಆ ಕಾಗದ ಬರೆದದ್ದು ಮೇಲಧಿಕಾರಿಗಳ ಕಣ್ಣಿಗಾಗಿ. ಆ ಹದಿನಾರು ಹಳ್ಳಿಗಳ ಮಕ್ಕಳು ಅದನ್ನು ಓದುವ ಪ್ರಸಂಗವೇ ಬರಲಿಲ್ಲ.

ನಾನು ಸಿದ್ದಾಪುರ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ‘ಕಾಡಿನಿಂದ ಮಳೆ, ಮಳೆಯಿಂದ ಬೆಳೆ’ ಎಂಬ ಪಾಠವನ್ನು ಪ್ರತಿ ಜೂನ್ ತಿಂಗಳಲ್ಲಿ, ಹಂಚಿನ ಮೇಲೆ ಮಳೆ ಹೊಡೆಯುವ ಸದ್ದಿನ ನಡುವೆ ಗಂಟಲು ಏರಿಸಿ ಹೇಳಿದ್ದೇನೆ. ಈ ಪಾಠ ಎಲ್ಲಿಂದ ಬಂತು, ಯಾರು ಯಾರಿಗೆ ಕಲಿಸಿದರು, ನಡುವೆ ಏನು ಕಳೆಯಿತು ಎಂದು ಹುಡುಕುವ ಕುತೂಹಲ ಆಗಿನಿಂದಲೂ ಇತ್ತು. ಹುಡುಕಿದ ಮೇಲೆ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಪಾಠ ಒಂದೇ ದಿಕ್ಕಿನಲ್ಲಿ ಸಾಗಿ ಬಂದಿದೆ. ಕಾಡು ಹವೆಗೆ ಏನು ಮಾಡುತ್ತದೆ ಎಂಬುದನ್ನಷ್ಟೇ ನಾವು ಹೇಳಿದೆವು. ಹವೆ ಕಾಡಿಗೆ ಏನು ಮಾಡುತ್ತದೆ ಎಂಬ ಉಳಿದರ್ಧವನ್ನು ಮಕ್ಕಳಿಗೆ ಹೇಳದೆ ಇನ್ನು ಮುಂದೆ ಹೋಗುವಂತಿಲ್ಲ.

ಶಾಲೆಗಿಂತ ಮೊದಲಿನ ಶಾಲೆ

ಶಿರಸಿ, ಸಿದ್ದಾಪುರ, ಸೊರಬ, ಸಾಗರದ ಜನ ಕಾನು ಎನ್ನುವುದು ನಿತ್ಯಹಸುರಿನ ದಟ್ಟ ಕಾಡಿಗೆ. ಬೆಟ್ಟದ ಮಡಿಲಿನಲ್ಲಿ, ಹಳ್ಳ ಹುಟ್ಟುವ ಕಡೆ, ಊರಿನ ಅಂಚಿನಲ್ಲಿ ಅದು ಇರುತ್ತದೆ. ಅದರೊಳಗೆ ಚೌಡಿಯೋ ಜಟಕನೋ ಹುಲಿದೇವರೋ ನೆಲೆ ನಿಂತಿರುತ್ತಾರೆ. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಕಾರವಾರದ ಸೀಮೆಗೆ ಬಂದಾಗ, ಇಲ್ಲಿನ ಕಾಡು ಆಯಾ ಊರಿನ ದೇವರ ಸೊತ್ತು, ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ, ಆ ಗೌಡನೇ ಗುಡಿಯ ಪೂಜಾರಿಯೂ ಆಗಿರುತ್ತಾನೆ ಎಂದು ಬರೆದ. ಸರ್ಕಾರ ಈ ಕಾಡಿನ ಮೇಲೆ ಹಕ್ಕು ಹೇಳದಿರಲೆಂದು ಜನ ಹೂಡಿದ ಉಪಾಯವಿದು ಎಂಬ ಅನುಮಾನವನ್ನೂ ಅದರ ಜೊತೆಗೇ ಸೇರಿಸಿದ. ಹೊಸ ಒಡೆಯರ ಕಣ್ಣಿಗೆ ನಮ್ಮ ಕಾನು ಮೊದಲ ಸಲ ಬಿದ್ದ ಬಗೆ ಇದು.

1868ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕ ಡೀಟ್ರಿಚ್ ಬ್ರ್ಯಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲೂಕಿನ ಕಾನುಗಳ ವರದಿ ತಯಾರಿಸಿದರು. ಅದರಲ್ಲಿ 171 ಕಾನುಗಳ ಲೆಕ್ಕವಿದೆ. ಒಟ್ಟು ವಿಸ್ತೀರ್ಣ 32 ಸಾವಿರ ಎಕರೆಗೂ ಮಿಕ್ಕದ್ದು. ಈ ಕಾನುಗಳಲ್ಲಿ ಮರ ಹಬ್ಬಿದ ಕಾಳುಮೆಣಸು ಬೆಳೆಯುತ್ತಿತ್ತು, ಬೈನೆ ಮರದಿಂದ ಹೆಂಡ ಇಳಿಸುತ್ತಿದ್ದರು, ಫಲ ಕೊಯ್ಯುವ ಹಕ್ಕಿದ್ದವರು ಕಂದಾಯ ಕಟ್ಟುತ್ತಿದ್ದರು. ದೇವರ ಭಯ ಒಂದು ಕಡೆ, ಹೊಟ್ಟೆಪಾಡು ಇನ್ನೊಂದು ಕಡೆ. ಕಾನು ಉಳಿದದ್ದು ಈ ಎರಡೂ ಸೇರಿ.

ಅಲ್ಲಿ ಮಕ್ಕಳು ಕಲಿತದ್ದು ಹಿರಿಯರ ಬೆನ್ನ ಹಿಂದೆ ನಡೆದು. ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕುವಾಗ, ಬೇಸಿಗೆಯಲ್ಲಿ ಮುರುಗಲು ಕೊಯ್ಯುವಾಗ, ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಎಲೆ, ಗುಡಿಸುವಾಗ. ಹಣ್ಣು ಬಿಡುವ ಮರಕ್ಕೆ ಕೊಡಲಿ ಹಾಕಬಾರದು. ಸೊಪ್ಪು ಸವರುವಾಗ ತುದಿಯ ಕುಡಿ ಬಿಡಬೇಕು. ಒರತೆಯ ನೆತ್ತಿಯ ಮೇಲಿನ ಮರವನ್ನು ಮುಟ್ಟಬಾರದು, ಅಬ್ಬಿ ನೀರು ಮನೆಗೆ ಬರುವುದು ಅಲ್ಲಿಂದ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಡುವ ಕ್ರಮ ಬಂದದ್ದನ್ನು ನೋಡಿದರೆ, ಒಂದು ತೋಟ ಬದುಕಲು ಎಷ್ಟು ಕಾಡು ಬೇಕು ಎಂಬ ಅಂದಾಜು ಇಲ್ಲಿಯವರಿಗೆ ಚೆನ್ನಾಗಿಯೇ ಇತ್ತು.

ಒಮ್ಮೆ ಏಳನೇ ತರಗತಿಯ ಮಕ್ಕಳನ್ನು ಊರಿನ ಕಾನಿಗೆ ಕರೆದುಕೊಂಡು ಹೋದಾಗ ಒಬ್ಬ ಹುಡುಗಿಯ ಅಜ್ಜಿಯೂ ಜೊತೆಗೆ ಬಂದಿದ್ದರು. ಕಾಡು ಮಳೆ ತರುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಅವರು ಎಲೆಯಡಿಕೆ ಸರಿಮಾಡಿಕೊಳ್ಳುತ್ತ ಹೇಳಿದರು: “ಮಳೆ ಎಲ್ಲಾ ಬದಿಗೂ ಬೀಳ್ತದೆ ಅಕ್ಕೋರೇ. ಅದು ನಿಲ್ಲೂದು ಕಾನಲ್ಲಿ.” ಆ ಮಾತು ಪಠ್ಯಪುಸ್ತಕಕ್ಕಿಂತ ನಿಖರವಾಗಿತ್ತು. ಯಾಕೆ ಎಂಬುದು ಮುಂದೆ ಬರುತ್ತದೆ.

ವೈದ್ಯರು ಬರೆದ ಪಾಠ

ಕಾಡಿಗೂ ಮಳೆಗೂ ನಂಟಿದೆ ಎಂಬ ವಾದವನ್ನು ಬ್ರಿಟಿಷ್ ಭಾರತದಲ್ಲಿ ಕಾಗದದ ಮೇಲೆ ತಂದವರಲ್ಲಿ ಮುಂದಾಳುಗಳು ಕಂಪನಿಯ ವೈದ್ಯರು. ಆ ಕಾಲದಲ್ಲಿ ವೈದ್ಯನಾಗಲು ಸಸ್ಯಶಾಸ್ತ್ರ ಓದಲೇಬೇಕಿತ್ತು, ಔಷಧಿ ಬಹುಪಾಲು ಗಿಡದಿಂದಲೇ ಬರುತ್ತಿದ್ದುದು. ಮದ್ರಾಸಿನ ವೈದ್ಯ ಎಡ್ವರ್ಡ್ ಬಾಲ್ಫೋರ್ 1849ರಲ್ಲಿ, ಮರಗಳು ಮಳೆ ಬರಿಸುವುದರಲ್ಲಿ ಮತ್ತು ತೇವ ಉಳಿಸುವುದರಲ್ಲಿ ಬೀರುವ ಪ್ರಭಾವದ ಬಗ್ಗೆ ಒಂದು ಟಿಪ್ಪಣಿ ಪ್ರಕಟಿಸಿದ. ಮುಂಬೈ ಆಧಿಪತ್ಯದಲ್ಲಿ ಅಲೆಗ್ಸಾಂಡರ್ ಗಿಬ್ಸನ್ 1847ರಲ್ಲಿ ಅರಣ್ಯ ಸಂರಕ್ಷಕನಾದ. ಅವನೂ ವೈದ್ಯನೇ.

ಇವರಲ್ಲಿ ನಮ್ಮ ನೆಲಕ್ಕೆ ಹತ್ತಿರದವನು ಹ್ಯೂ ಕ್ಲೆಗ್‌ಹಾರ್ನ್. 1820ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಸ್ಕಾಟ್ಲೆಂಡಿನಲ್ಲಿ ಓದಿ, 1842ರಲ್ಲಿ ವೈದ್ಯನಾಗಿ ಭಾರತಕ್ಕೆ ಮರಳಿದ. 1840ರ ದಶಕದ ನಡುವಿನಲ್ಲಿ ಶಿವಮೊಗ್ಗದಲ್ಲಿದ್ದ. ದಿನಕ್ಕೊಂದು ಗಿಡವನ್ನು ತರಿಸಿ, ಇಲ್ಲಿಯ ಕಲಾವಿದನೊಬ್ಬನಿಂದ ಅದರ ಚಿತ್ರ ಬರೆಸುವ ಅಭ್ಯಾಸ ಇಟ್ಟುಕೊಂಡಿದ್ದ. ಮಲೆನಾಡಿನ ಕಾಡು ಕಡಿದು ಬಯಲಾಗುವುದನ್ನು ಕಣ್ಣಾರೆ ಕಂಡ. 1851ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘಕ್ಕೆ, ಉಷ್ಣವಲಯದ ಕಾಡುಗಳ ನಾಶದಿಂದ ಆಗುವ ಪರಿಣಾಮಗಳ ಬಗ್ಗೆ ಸಂಗಡಿಗರೊಡನೆ ವರದಿ ಕೊಟ್ಟ. 1856ರಲ್ಲಿ ಮದ್ರಾಸ್ ಆಧಿಪತ್ಯದ ಮೊದಲ ಅರಣ್ಯ ಸಂರಕ್ಷಕನಾದ. ಶಿವಮೊಗ್ಗದ ಗಿಡಗಳಿಂದ ಕಲಿತದ್ದು ಒಂದು ಇಡೀ ಇಲಾಖೆಯ ತಳಹದಿಯಾಯಿತು.

ಕ್ಲೆಗ್‌ಹಾರ್ನನ ಈ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಆದರೆ ಅವನ ಪಾಠ ಕಾನೂನಾದಾಗ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನೂ ಹೇಳಬೇಕು. ಗುಡ್ಡದಲ್ಲಿ ಕುಮರಿ ಕಡಿದು, ಸುಟ್ಟು, ರಾಗಿ ಬಿತ್ತಿ, ಮುಂದಿನ ವರ್ಷ ಬೇರೆಡೆಗೆ ಹೋಗುವವರನ್ನು ಅವನು ಕಾಡಿನ ಶತ್ರುಗಳೆಂದೇ ಕಂಡ. ಕುಮರಿಗೆ ಒಂದೊಂದಾಗಿ ನಿರ್ಬಂಧ ಬಂತು. ಅದೇ ಕಾಲದಲ್ಲಿ ಹಡಗು ಕಟ್ಟೆಗಳಿಗೂ ರೈಲು ಹಳಿಗಳಿಗೂ ಸಾಗುವಾನಿ ಸಾಗುತ್ತಲೇ ಇತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈಗೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದು ಕಾಡುಗಳ ಸುತ್ತ ಮೀಸಲು ಗಡಿಯ ಕಲ್ಲು ನೆಟ್ಟರು. ಹೀಗೆ ‘ಕಾಡಿದ್ದರೆ ಮಳೆ’ ಎಂಬ ಮಾತು ಹಳ್ಳಿಯವರಿಗೆ ಕೇಳಿಸಿದ್ದು ಗಾರ್ಡನ ಬಾಯಿಂದ, ದಂಡದ ಚೀಟಿಯ ಜೊತೆ. 1930ರ ಹೊತ್ತಿಗೆ ಈ ಜಿಲ್ಲೆಯ ಜನ ಅರಣ್ಯ ಸತ್ಯಾಗ್ರಹಕ್ಕೆ ಇಳಿದರು.

ಆ ಪಾಠದಲ್ಲಿ ಬಲವಾದ ಸತ್ಯವೂ ಇತ್ತು, ಉತ್ಪ್ರೇಕ್ಷೆಯೂ ಇತ್ತು. ನಮ್ಮ ಮುಂಗಾರಿನ ನೀರು ಬರುವುದು ಸಮುದ್ರದಿಂದ. ಅರಬ್ಬಿ ಸಮುದ್ರದ ಮೇಲಿನಿಂದ ಬಂದ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳಲು ಮೊದಲ ಕಾರಣ ಕಡಲು ಮತ್ತು ಘಟ್ಟದ ಎತ್ತರ. ಬಿದ್ದ ಮೇಲೆ ಆ ನೀರಿಗೆ ಏನಾಗುತ್ತದೆ ಎಂಬುದು ಕಾಡಿನ ಕೈಯಲ್ಲಿದೆ. ಮರದ ಬೇರು, ಗೆದ್ದಲು, ಎರೆಹುಳು, ಕೊಳೆತ ದರಕು ಸೇರಿ ನೆಲವನ್ನು ಸಡಿಲವಾಗಿಟ್ಟಿರುತ್ತವೆ. ನೀರು ಅದರೊಳಗೆ ಇಳಿಯುತ್ತದೆ, ತಿಂಗಳುಗಟ್ಟಲೆ ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ. ಉಳಿದ ಪಾಲನ್ನು ಎಲೆಗಳು ಆವಿಯಾಗಿ ಗಾಳಿಗೆ ಮರಳಿಸುತ್ತವೆ. 2018ರಲ್ಲಿ ಮುಂಬೈ ಐಐಟಿಯ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮಿಳುನಾಡಿಗೆ ನೈಋತ್ಯ ಮುಂಗಾರಿನಲ್ಲಿ ಬೀಳುವ ಮಳೆಯ ಕಾಲು ಭಾಗದಿಂದ ಶೇ 40ರವರೆಗಿನ ತೇವ ಪಶ್ಚಿಮ ಘಟ್ಟದ ಸಸ್ಯರಾಶಿಯಿಂದಲೇ ಹೋಗುತ್ತದೆ. ನಮ್ಮ ಕಾನು ಹೊರಬಿಟ್ಟ ಆವಿ ಬೇರೆಯವರ ಹೊಲಕ್ಕೆ ಮಳೆಯಾಗುತ್ತದೆ. ಆ ಅಜ್ಜಿ ಹೇಳಿದ್ದು ಈ ವಿಜ್ಞಾನದ ಮೊದಲ ಅರ್ಧವನ್ನೇ.

ಹೊಂಡ ತೋಡುವ ಹಬ್ಬ

ಸ್ವಾತಂತ್ರ್ಯದ ನಂತರ ಈ ಪಾಠ ಶಾಲೆಯ ಅಂಗಳಕ್ಕೆ ಬಂತು. 1950ರಲ್ಲಿ ಕೇಂದ್ರದ ಕೃಷಿ ಮತ್ತು ಆಹಾರ ಸಚಿವರಾಗಿದ್ದ ಕೆ.ಎಂ. ಮುನ್ಶಿ ವನಮಹೋತ್ಸವ ಆರಂಭಿಸಿದರು. ಜುಲೈ ಮೊದಲ ವಾರ ಮಕ್ಕಳು ಸಸಿ ನೆಡುವ ವಾರವಾಯಿತು. ನಾನು ಓದುವ ಕಾಲದಲ್ಲಿ ಅದು ನಿಜಕ್ಕೂ ಹಬ್ಬ. ಮನೆಯಿಂದ ಗುದ್ದಲಿ, ಹಾರೆ ತರುತ್ತಿದ್ದೆವು. ಮಾಸ್ತರು ಅಳತೆ ಹಾಕಿದ ಕಡೆ ಹೊಂಡ ತೋಡುತ್ತಿದ್ದೆವು. ಬೆಲ್ಲ ಅವಲಕ್ಕಿ ಸಿಗುತ್ತಿತ್ತು. ನೆಟ್ಟದ್ದಕ್ಕೆ ಬೇಲಿ ಮಾತ್ರ ಯಾರೂ ಕಟ್ಟುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ದನ ಮೇಯ್ದು, ಬೇಸಿಗೆಗೆ ಒಣಗಿ, ಮರುವರ್ಷ ಅದೇ ಹೊಂಡದಲ್ಲಿ ಹೊಸ ಸಸಿ. ನೆಡುವುದನ್ನು ಕಲಿಸಿದ ಆ ಹಬ್ಬ ನೆಟ್ಟದ್ದನ್ನು ನೋಡಿಕೊಳ್ಳುವುದನ್ನು ಕಲಿಸಲಿಲ್ಲ.

ಆದರೂ ಕನ್ನಡದ ಮಕ್ಕಳಿಗೆ ಬೇರೆ ಗುರುಗಳಿದ್ದರು. ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದು, ಗಿಡ, ಪ್ರಾಣಿ, ನಕ್ಷತ್ರ, ಯಂತ್ರ ಎಲ್ಲವನ್ನೂ ಒಂದೇ ಕುತೂಹಲದಿಂದ ಮಕ್ಕಳ ಮುಂದಿಟ್ಟಿದ್ದರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದ ಮೇಲೆ ಕಾಡು ಬರೀ ಹಸಿರಿನ ಗುಂಪಾಗಿ ಕಾಣದೆ, ಒಂದೊಂದು ಮರಕ್ಕೂ ಹೆಸರು, ಕುಲ, ನಡತೆ ಇದೆ ಎಂದು ಗೊತ್ತಾಗುತ್ತಿತ್ತು. ತೇಜಸ್ವಿಯವರ ‘ಪರಿಸರದ ಕತೆ’ಯನ್ನು ನನ್ನ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದ ದಿನಗಳಲ್ಲಿ ಹಿಂದಿನ ಬೆಂಚಿನ ಹುಡುಗರೂ ಗದ್ದಲ ಬಿಟ್ಟು ಕೂರುತ್ತಿದ್ದರು. ಹೆಸರು ಗೊತ್ತಿಲ್ಲದ್ದನ್ನು ಮಕ್ಕಳು ಉಳಿಸಲಾರರು ಎಂಬುದನ್ನು ನನಗೆ ಕಲಿಸಿದ್ದು ಈ ಪುಸ್ತಕಗಳು.

ಅಷ್ಟರಲ್ಲಿ ನೆಡುವ ಸಸಿಯೇ ಬದಲಾಗಿತ್ತು. ಕಾನಿನ ಮರ ನಿಧಾನ, ಸರ್ಕಾರಕ್ಕೆ ಅವಸರ. ಬಯಲುಸೀಮೆಯಲ್ಲಿ ನೀಲಗಿರಿ, ನಮ್ಮಲ್ಲಿ ಅಕೇಶಿಯಾ. ಬೋಳು ಗುಡ್ಡಗಳೆಲ್ಲ ಕೆಲವೇ ವರ್ಷಗಳಲ್ಲಿ ಹಸಿರಾದವು. ಮಕ್ಕಳ ಚಿತ್ರದ ಪುಸ್ತಕದಲ್ಲಿ ಹಸಿರು ಬಣ್ಣ ತುಂಬಿದರೆ ಕಾಡಾಯಿತು ಎಂಬ ಹಾಗೆ, ದೊಡ್ಡವರ ಲೆಕ್ಕದಲ್ಲೂ ಆಯಿತು.

ಅದಕ್ಕೆ ಉತ್ತರ ಹಳ್ಳಿಯಿಂದ ಬಂತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಸುತ್ತಲಿನ ಜನ ಕಳಾಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತರು. ಊರಿನ ಯುವಕ ಮಂಡಳಿಯವರು ಕರೆಸಿದ್ದ ಸುಂದರಲಾಲ್ ಬಹುಗುಣರ ಮಾತು ಅವರಿಗೆ ಸ್ಫೂರ್ತಿ. ಹಿಮಾಲಯದ ಚಿಪ್ಕೋ ನಮ್ಮಲ್ಲಿ ಅಪ್ಪಿಕೋ ಆಯಿತು. ಪಾಂಡುರಂಗ ಹೆಗಡೆ ಮತ್ತು ಸಂಗಡಿಗರು ಅದನ್ನು ಊರೂರಿಗೆ ಒಯ್ದರು. ಪಾದಯಾತ್ರೆ, ಬೀದಿನಾಟಕ, ಸ್ಲೈಡ್ ಪ್ರದರ್ಶನ. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತು ಚಳವಳಿಯ ಉಸಿರಾಯಿತು. ಮಕ್ಕಳು ಆ ಸಭೆಗಳಲ್ಲಿ ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದರು. ಹಳ್ಳ ಬತ್ತುವುದಕ್ಕೂ ಮೇಲಿನ ಕಾಡು ಹೋಗುವುದಕ್ಕೂ ಏನು ಸಂಬಂಧ ಎಂದು ತಮ್ಮದೇ ಊರಿನ ಹಳ್ಳದ ಹೆಸರು ಹಿಡಿದು ಹೇಳಿದ್ದನ್ನು ಕೇಳಿದರು. ನಾಲ್ಕು ವರ್ಷದ ನಂತರ, 1987ರ ನವೆಂಬರ್ 14ರಂದು, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆ ಸೇರಿ ರೈತರು ಊರಿನ ಸಾಮಾನ್ಯ ಭೂಮಿಯಲ್ಲಿ ನೆಟ್ಟ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಮರದ ಸಸಿ ಹಚ್ಚಿದರು. ಯಾವ ಮರ, ಯಾರಿಗಾಗಿ, ಯಾರ ನೆಲದಲ್ಲಿ ಎಂಬ ಪ್ರಶ್ನೆಗಳು ಆಗ ಎದ್ದವು. ವನಮಹೋತ್ಸವದಲ್ಲಿ ನಾವು ಆ ಪ್ರಶ್ನೆ ಕೇಳಿರಲಿಲ್ಲ.

ಕೋರ್ಟಿನ ಆದೇಶ, ತರಗತಿಯ ಕಂಠಪಾಠ

1991ರಲ್ಲಿ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣವನ್ನು ಶಾಲೆ-ಕಾಲೇಜುಗಳಲ್ಲಿ ಕಡ್ಡಾಯ ಮಾಡಲು ಹೇಳಿತು. 2003ರಲ್ಲಿ ಮತ್ತೆ ಹೇಳಬೇಕಾಯಿತು. ಶಾಲೆಗಳಲ್ಲಿ ಇಕೋ ಕ್ಲಬ್‌ಗಳಾದವು. ಕರ್ನಾಟಕ ಅರಣ್ಯ ಇಲಾಖೆಯ ‘ಮಗುವಿಗೊಂದು ಮರ, ಶಾಲೆಗೊಂದು ವನ’ ಮತ್ತು ‘ಚಿಣ್ಣರ ವನದರ್ಶನ’ ಬಂದವು. ಚಿಣ್ಣರ ವನದರ್ಶನದಲ್ಲಿ ಮಕ್ಕಳು ಕಾಡಿಗೆ ಹೋಗುತ್ತಾರೆ, ಮರ-ಹಕ್ಕಿ ನೋಡುತ್ತಾರೆ. ಇದು ಸಣ್ಣ ವಿಷಯವಲ್ಲ.

ಆದರೆ ಪರೀಕ್ಷೆ ಬಂದಾಗ ಪರಿಸರವೂ ಉಳಿದ ವಿಷಯಗಳ ಸಾಲಿಗೆ ಸೇರಿತು. ‘ಅರಣ್ಯನಾಶದ ಐದು ಪರಿಣಾಮಗಳನ್ನು ಬರೆಯಿರಿ.’ ಮಕ್ಕಳು ಐದನ್ನೂ ಬರೆಯುತ್ತಾರೆ: ಮಣ್ಣಿನ ಸವಕಳಿ, ಮಳೆ ಕಡಿಮೆ, ತಾಪಮಾನ ಏರಿಕೆ, ಪ್ರಾಣಿಗಳ ನಾಶ, ಪ್ರವಾಹ. ಕಿಟಕಿಯಾಚೆ ಅದೇ ಸಂಗತಿಗಳು ನಡೆಯುತ್ತಿದ್ದರೂ ನೋಟ ಪುಸ್ತಕದ ಮೇಲೆ. ನಮ್ಮ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ವರ್ಷವಿಡೀ ನೀರು ನಿಲ್ಲುವ ಕೆಸರಿನಿಂದ ಮಂಡಿಯಂತೆ ಬಾಗಿ ಮೇಲೆದ್ದ ಬೇರುಗಳನ್ನು ಮುಟ್ಟಿ ನೋಡಬಹುದು. ಆ ಕಾಡಿನಿಂದ 2000ದಲ್ಲಿ ವಿಜ್ಞಾನಕ್ಕೇ ಹೊಸದಾದ ಒಂದು ಮರದ ಜಾತಿಯನ್ನು ವಿವರಿಸಿ, ಕತ್ತಲೆಕಾನಿನ ಹೆಸರನ್ನೇ ಅದಕ್ಕಿಟ್ಟರು. ಹೊನ್ನಾವರ–ಬೆಂಗಳೂರು ರಸ್ತೆಯ ಬದಿಯಲ್ಲೇ ಇರುವ ಕಾಡು ಅದು. ಬಸ್ಸಿನಲ್ಲಿ ಅದರ ಪಕ್ಕದಲ್ಲೇ ಹಾದು ಪರೀಕ್ಷೆಗೆ ಹೋಗುವ ಮಗುವಿಗೆ ಅಮೆಜಾನ್ ಕಾಡಿನ ವಿಸ್ತೀರ್ಣ ಗೊತ್ತು, ರಾಮಪತ್ರೆ ಜಡ್ಡಿ ಗೊತ್ತಿಲ್ಲ.

ಉಳಿದರ್ಧ

1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ ಚಾರ್ಲ್ಸ್ ಕೀಲಿಂಗ್ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಅಳೆಯಲು ಆರಂಭಿಸಿದಾಗ ಅದು ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಭಾಗ ಇತ್ತು. ಕಾರ್ಖಾನೆಗಳ ಯುಗಕ್ಕೆ ಮೊದಲು ಸುಮಾರು 280. ಈಗ 420ನ್ನು ದಾಟಿದೆ. ಕೀಲಿಂಗನ ರೇಖೆ ಪ್ರತಿ ವರ್ಷ ಏರಿ ಇಳಿದು ಮತ್ತೆ ಮೇಲೇರುತ್ತದೆ. ಉತ್ತರಾರ್ಧಗೋಳದ ಕಾಡುಗಳು ಚಿಗುರಿದಾಗ ಇಳಿಯುತ್ತದೆ, ಎಲೆ ಉದುರಿದಾಗ ಏರುತ್ತದೆ. ಮಕ್ಕಳಿಗೆ ಈ ರೇಖೆ ತೋರಿಸಿದರೆ ಭೂಮಿಯ ಎಲ್ಲ ಮರಗಳ ಉಸಿರಾಟ ಒಂದೇ ಚಿತ್ರದಲ್ಲಿ ಕಾಣುತ್ತದೆ. ಒಟ್ಟು ರೇಖೆ ಮೇಲಕ್ಕೇ ಹೋಗುತ್ತಿರುವುದು ಯಾಕೆ ಎಂದು ಅವರೇ ಕೇಳುತ್ತಾರೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಸುಟ್ಟ ಕಾಡು. ಉತ್ತರ ಅಲ್ಲೇ ಇದೆ.

ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಇಂಗಾಲ. ಆ ಇಂಗಾಲದ ಪ್ರತಿ ಕಿಲೋ, ಗಾಳಿಯಿಂದ ಎಳೆದುಕೊಂಡ ಸುಮಾರು 3.7 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ನಾನು ಮಕ್ಕಳಿಗೆ ಟೇಪು ಕೊಟ್ಟು ಎದೆಮಟ್ಟದಲ್ಲಿ ಮರದ ಸುತ್ತಳತೆ ತೆಗೆಸುತ್ತಿದ್ದೆ. ಕಾನಿನ ಹಳೆಯ ಮರವನ್ನು ಮೂವರು ಕೈ ಹಿಡಿದು ಸುತ್ತಿದಾಗ, ಇಷ್ಟು ಇಂಗಾಲ ಇಲ್ಲಿ ಕೂಡಿಡಲು ಎಷ್ಟು ಕಾಲ ಹಿಡಿಯಿತು, ಅದನ್ನು ಕಡಿದು ಸುಡಲು ಎಷ್ಟು ಹೊತ್ತು ಸಾಕು ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುತ್ತಿದ್ದರು.

ಇದು ಕಾಡು ಹವೆಗೆ ಮಾಡುವ ಉಪಕಾರ. ಹವೆ ಕಾಡಿಗೆ ಏನು ಮಾಡುತ್ತಿದೆ? ಬೆಚ್ಚಗಾದ ಗಾಳಿ ಪ್ರತಿ ಡಿಗ್ರಿಗೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಸುರಿದಾಗ ಒಮ್ಮೆಲೇ ಸುರಿಯುತ್ತದೆ, ನಡುವೆ ದೊಡ್ಡ ಬಿಡುವು. ನಮ್ಮ ಹಿರಿಯರು ಮಳೆಯನ್ನು ನಕ್ಷತ್ರದ ಹೆಸರಲ್ಲಿ ಲೆಕ್ಕ ಹಿಡಿಯುತ್ತಾರೆ: ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಯಾವ ಮಳೆಗೆ ಯಾವ ಕೆಲಸ ಎಂಬುದು ಗೊತ್ತಿತ್ತು. ಈಗ ಆರಿದ್ರಾ ಒಣಗಿ ಹೋಗಿ ಆಶ್ಲೇಷದಲ್ಲಿ ತಿಂಗಳ ಮಳೆ ವಾರದಲ್ಲಿ ಬಿದ್ದ ವರ್ಷಗಳನ್ನು ಕಂಡಿದ್ದೇವೆ. ಬಿಡದೆ ಹೊಡೆದರೆ ಅಡಿಕೆಗೆ ಕೊಳೆರೋಗ, ಬಿಟ್ಟರೆ ಬೇಸಿಗೆಗೆ ಮೊದಲೇ ಒಣಗುವ ಹಳ್ಳ.

ಗುಡ್ಡಗಳೂ ಈ ಅತಿಮಳೆಯನ್ನು ತಾಳಿಕೊಳ್ಳುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. 2021ರ ಜುಲೈಯಲ್ಲಿ ನಮ್ಮ ಜಿಲ್ಲೆಯ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟಗಳು ಮಣ್ಣಿನೊಡನೆ ಕೆಳಗೆ ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಎಲ್ಲ ಕುಸಿತಕ್ಕೂ ಹವಾಮಾನವೊಂದೇ ಕಾರಣವೆಂದು ಮಕ್ಕಳಿಗೆ ಹೇಳಬಾರದು. ಗುಡ್ಡದ ಬುಡ ಕಡಿದ ರಸ್ತೆ, ಇಳಿಜಾರಿನಲ್ಲಿ ತೋಡಿದ ಗಟಾರ, ಮರ ಹೋದ ನೆತ್ತಿ ಇವನ್ನೂ ಸೇರಿಸಿ ಹೇಳಬೇಕು. ಅತಿಮಳೆ ಬಂದು ಬೀಳುವುದು ಈಗಾಗಲೇ ನಾವು ದುರ್ಬಲ ಮಾಡಿಟ್ಟ ಜಾಗದ ಮೇಲೆ.

ಇನ್ನೊಂದು ತುದಿಯಲ್ಲಿ ಬೆಂಕಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಕಡ್ಡಿ ಗೀರುವುದು ಮನುಷ್ಯನ ಕೈ. ಒಂದು ಕಡ್ಡಿಯ ಬೆಂಕಿ ಅಷ್ಟು ದೂರ ಓಡುವುದು ಕಾಡು ಒಣಗಿ ಕೂತಿದ್ದರೆ ಮಾತ್ರ. ಸುಟ್ಟ ಕಾಡಿನ ಇಂಗಾಲ ಮತ್ತೆ ಗಾಳಿಗೆ, ಗಾಳಿ ಇನ್ನಷ್ಟು ಬಿಸಿ, ಕಾಡು ಇನ್ನಷ್ಟು ಒಣ. ಅಮೆಜಾನಿನ ಆಗ್ನೇಯ ಭಾಗ ಈಗ ಹೀರುವುದಕ್ಕಿಂತ ಹೆಚ್ಚು ಇಂಗಾಲ ಬಿಡುತ್ತಿದೆ ಎಂದು 2021ರಲ್ಲಿ ಪ್ರಕಟವಾದ ಅಳತೆಗಳು ಹೇಳಿವೆ. ಕಾಡು ಯಾವಾಗಲೂ ನಮ್ಮನ್ನು ಕಾಯುತ್ತದೆ ಎಂದು ಕಲಿತ ಮಗುವಿಗೆ, ಕಾಡಿಗೂ ಕಾಯುವವರು ಬೇಕು ಎಂಬುದು ಇಲ್ಲಿ ತಿಳಿಯುತ್ತದೆ.

ಕೈಯಲ್ಲಿ ಹಿಡಿದು ಕಲಿಯುವುದು

ಇದನ್ನೆಲ್ಲ ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ ಹೇಳುವುದು ಹೇಗೆ? ಹೆದರಿಸಿ ಹೇಳಿದರೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಅಳೆದು ನೋಡಲು ಕೊಟ್ಟರೆ ತಾವೇ ಹೇಳುತ್ತಾರೆ. ನಾವು ಮಾಡುತ್ತಿದ್ದ ಕೆಲವು ಪ್ರಯೋಗಗಳು ಯಾವ ಶಾಲೆಯಲ್ಲಾದರೂ ಆಗುವಂಥವು.

ಎರಡೂ ಬದಿ ತೆಗೆದ ಹಾಲಿನ ಪುಡಿಯ ಡಬ್ಬಿಯನ್ನು ನೆಲಕ್ಕೆ ನಾಲ್ಕು ಬೆರಳಷ್ಟು ಒತ್ತಿ, ಒಂದು ಲೀಟರ್ ನೀರು ಸುರಿದು, ಅದು ಇಂಗಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ನೋಡುವುದು. ಶಾಲೆಯ ಆಟದ ಬಯಲು, ಅಕೇಶಿಯಾ ನೆಡುತೋಪು, ಸೊಪ್ಪಿನ ಬೆಟ್ಟ, ಕಾನು: ನಾಲ್ಕು ಕಡೆ. ಬಯಲಿನಲ್ಲಿ ನೀರು ಡಬ್ಬಿಯಲ್ಲೇ ನಿಂತು ಮಕ್ಕಳಿಗೆ ಬೇಸರ ಬರುತ್ತಿತ್ತು. ಕಾನಿನಲ್ಲಿ ಸುರಿದ ಕೂಡಲೇ ನೆಲ ಕುಡಿಯುತ್ತಿತ್ತು. ಉತ್ತರ ಕನ್ನಡದಲ್ಲೇ ಜಗದೀಶ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮುಂತಾದ ವಿಜ್ಞಾನಿಗಳು ಸಹಜ ಕಾಡು, ಹಾಳಾದ ನೆಲ, ಅಕೇಶಿಯಾ ತೋಪುಗಳಲ್ಲಿ ನೀರು ಇಂಗುವ ಬಗೆಯನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಮಕ್ಕಳ ಡಬ್ಬಿ ಅದೇ ವಿಜ್ಞಾನದ ಸಣ್ಣ ರೂಪ.

ಗೋಡೆಗೆ ತೂಗುವ ಒಂದು ತಾಪಮಾಪಕವನ್ನು ಏಪ್ರಿಲ್‌ನಲ್ಲಿ ಶಾಲೆಯ ಅಂಗಳದಲ್ಲೂ ಇನ್ನೊಂದನ್ನು ಕಾನಿನ ನೆರಳಲ್ಲೂ ತೂಗಿ ಹಾಕುವುದು. ಮಳೆಮಾಪಕದ ಲೆಕ್ಕವನ್ನು ದಿನವೂ ಬೆಳಿಗ್ಗೆ ಎಂಟೂವರೆಗೆ ಬರೆಯುವುದು. ಊರಿನ ಹಳ್ಳ ಯಾವ ದಿನ ಹರಿಯುವುದು ನಿಂತಿತು ಎಂಬ ದಿನಾಂಕ. ಸುರಗಿ ಯಾವಾಗ ಹೂ ಬಿಟ್ಟಿತು, ಅಪ್ಪೆಮಾವು ಯಾವಾಗ ಮಿಡಿ ಕಚ್ಚಿತು, ಹೂ ಮೋಡಕ್ಕೆ ಉದುರಿತೋ ನಿಂತಿತೋ ಎಂಬ ಟಿಪ್ಪಣಿ. ಇವನ್ನು ದಪ್ಪ ರಿಜಿಸ್ಟರಿನಲ್ಲಿ ಬರೆದು ಮುಂದಿನ ತರಗತಿಗೆ ಒಪ್ಪಿಸುವುದು. ಹವಾಮಾನ ಎಂಬುದು ಒಂದು ಮಳೆಗಾಲದಲ್ಲಿ ಕಾಣುವುದಿಲ್ಲ. ಅಕ್ಕ ಬರೆದದ್ದನ್ನು ತಂಗಿ ಓದಿ ಹೋಲಿಸಿದಾಗ ಕಾಣುತ್ತದೆ.

ಬೀಜ ಹೆಕ್ಕುವುದು ಇನ್ನೊಂದು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದು, ಯಾವ ತಾಯಿಮರದಿಂದ, ಯಾವ ಹೊತ್ತಿಗೆ ಬೀಜ ತೆಗೆದರೆ ಸಸಿ ಗಟ್ಟಿಯಾಗುತ್ತದೆ ಎಂಬುದನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು. ಪದ್ಮಶ್ರೀ ಪಡೆಯಲು ಬರಿಗಾಲಿನಲ್ಲೇ ನಡೆದು ಹೋದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನೆಡುವ ಕಾರ್ಯಕ್ರಮಕ್ಕಿಂತ ಮೊದಲು ಮಕ್ಕಳು ಕಲಿಯಬೇಕಾದದ್ದು ಅವರ ವಿದ್ಯೆ. ಹವೆ ಬದಲಾಗುತ್ತಿರುವಾಗ ಒಂದೇ ಜಾತಿಯ ತೋಪು ಒಂದೇ ರೋಗಕ್ಕೆ, ಒಂದೇ ಬರಕ್ಕೆ ಬೀಳುತ್ತದೆ. ಹಲವು ತಾಯಿಮರಗಳ ಬೀಜದಿಂದ ಬೆಳೆದ ಕಾಡಿನಲ್ಲಿ ಕೆಲವಾದರೂ ತಡೆದು ನಿಲ್ಲುತ್ತವೆ.

ಮಕ್ಕಳು ಬರೆದ ಲೆಕ್ಕ ಶಾಲೆಯ ಕಪಾಟಿನಲ್ಲಿ ಧೂಳು ಹಿಡಿಯಬಾರದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಆ ಕಾಯ್ದೆ ಬರುವ ಮೊದಲೇ ಮಾಧವ ಗಾಡ್ಗೀಳರು ಪಶ್ಚಿಮ ಘಟ್ಟದ ಕಾಲೇಜುಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳನ್ನು ಜೊತೆ ಮಾಡಿಕೊಂಡು ಇಂಥ ದಾಖಲಾತಿಗೆ ಕೈ ಹಾಕಿದ್ದರು. ಆದ್ದರಿಂದ ಇದು ಹೊಸ ಕನಸಲ್ಲ, ಅರ್ಧಕ್ಕೆ ನಿಂತ ಕೆಲಸ.

ಮಲೆನಾಡಿನ ಪ್ರತಿ ಹಿರಿಯ ಪ್ರಾಥಮಿಕ ಶಾಲೆಗೂ ಹತ್ತಿರದ ಒಂದು ಕಾನನ್ನೋ ಸೊಪ್ಪಿನ ಬೆಟ್ಟವನ್ನೋ ಒಂದು ಹಳ್ಳವನ್ನೋ ಓದುವ ಪಾಠವಾಗಿ ಗೊತ್ತು ಮಾಡಿ ಕೊಡಬೇಕು. ಒಂದು ಮಳೆಮಾಪಕ, ಎರಡು ತಾಪಮಾಪಕ, ಒಂದು ಟೇಪು, ಒಂದು ರಿಜಿಸ್ಟರು: ಇದಕ್ಕೆ ಆಗುವ ಖರ್ಚು ಯಾವ ಪಂಚಾಯಿತಿಗೂ ಭಾರವಲ್ಲ. ವರ್ಷಕ್ಕೊಮ್ಮೆ, ಗ್ರಾಮಸಭೆಯಲ್ಲಿ, ಏಳನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಊರಿನ ಮಳೆ ಎಷ್ಟು, ಹಳ್ಳ ಎಂದು ಬತ್ತಿತು, ಯಾವ ಮರ ಹೂ ತಪ್ಪಿಸಿತು ಎಂದು ಓದಬೇಕು. ಪಂಚಾಯಿತಿ ಅದನ್ನು ತನ್ನ ದಾಖಲಾತಿಗೆ ಸೇರಿಸಿ, ಎಲ್ಲಿ ಕಾಡು ಉಳಿಸಬೇಕು, ಎಲ್ಲಿ ಗುಡ್ಡ ಕಡಿಯಬಾರದು ಎಂದು ತೀರ್ಮಾನಿಸುವಾಗ ಆ ಲೆಕ್ಕವನ್ನು ಮುಂದಿಟ್ಟುಕೊಳ್ಳಬೇಕು. ಬರುವ ಜೂನ್ ತಿಂಗಳಲ್ಲಿ, ಶಾಲೆ ತೆರೆದ ವಾರವೇ ಇದನ್ನು ಆರಂಭಿಸಬಹುದು. ಹೊಸ ಆದೇಶಕ್ಕಾಗಿ ಕಾಯದೆ ಆರಂಭಿಸಿ ಎಂದು ನನ್ನ ವೃತ್ತಿಯ ಎಲ್ಲ ಅಕ್ಕೋರು, ಮಾಸ್ತರುಗಳನ್ನು ಕೇಳಿಕೊಳ್ಳುತ್ತೇನೆ.